ಬಾಡಿಗೆಗೆ ಮಿತಿ ಹಾಕಿದರೆ ಹೊರೆ ಯಾರ ಹೆಗಲಿಗೆ?

ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥಗಳಿಗೆ ಅಗಲ ಮಾಡುವಾಗ ಗಡಿಯ ತಲಪಾಡಿಯಿಂದ ಈಚೆ, ಕೇರಳದ ಬದಿಯ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಗಳ ರಸ್ತೆಬದಿಯ ಹಳೆ ಕಟ್ಟಡಗಳು ಸಾಲುಸಾಲಾಗಿ ನೆಲಕ್ಕುರುಳಿದವು. ಅವುಗಳಲ್ಲಿ ಎಷ್ಟೋ ವರ್ಷಗಳಿಂದ ಹೊಲಿಗೆ, ವಾಚ್ ರಿಪೇರಿ, ಬೀಡಿ-ಸೋಡಾ ವ್ಯಾಪಾರ ಎಂದು ಬದುಕು ಕಟ್ಟಿಕೊಂಡವರು ಹೊಸ ಕೋಣೆ ಹುಡುಕಲು ಹೊರಟಾಗ ಕಿವಿಗೆ ಬಿದ್ದ ಬಾಡಿಗೆ ಮೊತ್ತ ಕೇಳಿ ದಂಗಾದರು. ಆಗಿನಿಂದ ಹೋಟೆಲಿನ ಬೆಂಚುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಸುತ್ತಿದೆ: ಮದ್ದಿಗೆ ಸರಕಾರ ರೇಟು ಕಟ್ಟುತ್ತದೆ, ರೇಶನ್ ಅಕ್ಕಿಗೆ ಕಟ್ಟುತ್ತದೆ, ಹಾಗಾದರೆ ಬಾಡಿಗೆಗೆ ಯಾಕೆ ಕಟ್ಟಬಾರದು?

ನ್ಯಾಯವಾದ ಪ್ರಶ್ನೆ. ಅಂಗಡಿ ಕಳೆದುಕೊಂಡವನ ಬಾಯಲ್ಲಿ ಅದು ಬರದಿದ್ದರೇ ಆಶ್ಚರ್ಯ. ಬಾಡಿಗೆಗೆ ಕಾನೂನಿನ ಕಡಿವಾಣ ನಮ್ಮಲ್ಲಿ ಹೊಸದೇನೂ ಅಲ್ಲ, ಮುಕ್ಕಾಲು ಶತಮಾನದಿಂದ ಉಂಟು. ಅದು ಹೇಗೆ ಕೆಲಸ ಮಾಡಿತು, ಯಾರಿಗೆ ನೆರಳಾಯಿತು, ಯಾರ ಮೇಲೆ ಬಿಸಿಲು ಬಿತ್ತು ಎಂದು ತಿಳಿದುಕೊಂಡರೆ ಉತ್ತರ ಹುಡುಕುವುದು ಸುಲಭ.

ಮೇಲ್ಮಿತಿ, ತಳಮಿತಿ

ಸರಕಾರ ಬೆಲೆ ಕಟ್ಟುವುದರಲ್ಲಿ ಎರಡು ಬಗೆ. "ಇದಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ" ಎನ್ನುವುದು ಮೇಲ್ಮಿತಿ. ಕೊಳ್ಳುವವನನ್ನು ಕಾಪಾಡುವುದು ಅದರ ಉದ್ದೇಶ. ಬಾಡಿಗೆ ನಿಯಂತ್ರಣ ಈ ಜಾತಿಗೆ ಸೇರಿದ್ದು. "ಇದಕ್ಕಿಂತ ಕಡಿಮೆಗೆ ಇಲ್ಲ" ಎನ್ನುವುದು ತಳಮಿತಿ. ಇದು ಮಾರುವವನ ಪರ. ನಮ್ಮ ಅಡಿಕೆ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಹೊರದೇಶದ ಅಡಿಕೆ ಅಗ್ಗಕ್ಕೆ ಬಂದು ಇಲ್ಲಿನ ಧಾರಣೆ ಕೆಡಿಸಬಾರದೆಂದು ಕೇಂದ್ರ ಸರಕಾರ ಕನಿಷ್ಠ ಆಮದು ಬೆಲೆಯನ್ನು 2023ರಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಕೇರಳ ಸರಕಾರ 2020ರ ನವೆಂಬರ್ 1ರಂದು 16 ಬಗೆಯ ತರಕಾರಿ, ಗೆಡ್ಡೆ, ಹಣ್ಣುಗಳಿಗೆ ತಳಬೆಲೆ ಘೋಷಿಸಿದ್ದೂ ಇದೇ ಬಗೆ.

ತಳಮಿತಿಯ ಕತೆ ಇನ್ನೊಮ್ಮೆಗಿರಲಿ. ಇಲ್ಲಿ ಮೇಲ್ಮಿತಿಯನ್ನಷ್ಟೇ ನೋಡೋಣ.

ಬೂತಾಯಿ ಬುಟ್ಟಿಯ ಪಾಠ

ಕೇರಳದಲ್ಲಿ ಜೂನ್ ಎರಡನೇ ವಾರದಿಂದ ಜುಲೈ ಕೊನೆಯ ತನಕ 52 ದಿನ ಟ್ರಾಲಿಂಗ್ (ಯಂತ್ರದೋಣಿಗಳು ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ. ಆ ದಿನಗಳಲ್ಲಿ ಬೂತಾಯಿ, ಬಂಗುಡೆಗಳ ಬೆಲೆ ಏರುವುದು ಮೀನು ತಿನ್ನುವ ಪ್ರತಿ ಮನೆಗೂ ಗೊತ್ತು. ಕಿಲೋಗೆ 300 ರೂಪಾಯಿ ಆಗಿರುವ ಒಂದು ದಿನವನ್ನು ಕಲ್ಪಿಸಿಕೊಳ್ಳಿ. ಜನರ ಕಷ್ಟ ನೋಡಿ ಅಧಿಕಾರಿಗಳು "ಬೂತಾಯಿ 150 ಮೀರುವ ಹಾಗಿಲ್ಲ" ಎಂದು ಆದೇಶ ಹೊರಡಿಸಿದರು ಎಂದಿಟ್ಟುಕೊಳ್ಳೋಣ. ಏನಾದೀತು?

ಬುಟ್ಟಿಯಲ್ಲಿರುವ ಮೀನು ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಬೆಲೆ ಕಡಿಮೆಯಾಯಿತೆಂದು ನಿನ್ನೆ ಬಾರದಿದ್ದವರೂ ಇಂದು ಬರುತ್ತಾರೆ. ಇದ್ದ ಮೀನು ಏಳು ಗಂಟೆಗೇ ಮುಗಿಯುತ್ತದೆ. ಆಮೇಲೆ ಮೀನು ಸಿಗುವುದು ಯಾರಿಗೆ? ನಸುಕಿನಲ್ಲೇ ಬಂದು ನಿಲ್ಲಲು ಬಿಡುವಿರುವವನಿಗೆ, ಮಾರುವವಳ ಪರಿಚಯ ಇರುವವನಿಗೆ, ಇಲ್ಲವೇ ಮೆಲ್ಲನೆ ಇನ್ನೂರು ಹೆಚ್ಚು ಕೊಡುವವನಿಗೆ. ಸಣ್ಣ ದೋಣಿಯವನು ಕಡಲಿನ ಅಬ್ಬರಕ್ಕೆ ಹೆದರದೆ ಹೋಗುತ್ತಿದ್ದದ್ದು ಮುನ್ನೂರರ ಆಸೆಗೆ. ನೂರೈವತ್ತಕ್ಕೆ ಅವನು ದೋಣಿ ದಡಕ್ಕೆ ಎಳೆದು ಮನೆಯಲ್ಲೇ ಕೂತಾನು.

ಬೆಲೆಗೆ ಎರಡು ಕೆಲಸ ಇದೆ. ಕಿಸೆಯಿಂದ ಹಣ ತೆಗೆಸುವುದು ಒಂದು. ಸರಕು ಎಷ್ಟಿದೆ, ಇನ್ನೂ ತರುವವರು ಬೇಕೇ ಬೇಡವೇ ಎಂದು ಎಲ್ಲರಿಗೂ ಸುದ್ದಿ ಮುಟ್ಟಿಸುವುದು ಇನ್ನೊಂದು. ಮೇಲ್ಮಿತಿ ಮೊದಲನೆಯದನ್ನು ಹಗುರ ಮಾಡುತ್ತದೆ, ಆದರೆ ಸುದ್ದಿಯ ಬಾಯಿಯನ್ನೂ ಕಟ್ಟುತ್ತದೆ.

ಮೀನಿಗೂ ಕಟ್ಟಡಕ್ಕೂ ದೊಡ್ಡ ವ್ಯತ್ಯಾಸವೊಂದಿದೆ, ಬಾಡಿಗೆ ನಿಯಂತ್ರಣದ ಪೂರ್ತಿ ಗುಟ್ಟು ಅದರಲ್ಲೇ ಇದೆ. ಮೀನಿನ ವಿಷಯದಲ್ಲಿ ಮಿತಿಯ ಪರಿಣಾಮ ಮರುದಿನ ಬೆಳಿಗ್ಗೆಯೇ ಕಾಣುತ್ತದೆ. ಕಟ್ಟಡವನ್ನು ಯಾರೂ ದಡಕ್ಕೆ ಎಳೆದುಕೊಂಡು ಹೋಗಲಾರರು. ಇಂದು ಬಾಡಿಗೆಗೆ ಮಿತಿ ಹಾಕಿದರೆ ನಾಳೆಯೂ ಅದೇ ಕೋಣೆ, ಅದೇ ಬಾಡಿಗೆದಾರ, ಆದರೆ ಬಾಡಿಗೆ ಕಡಿಮೆ. ಯಾರಿಗೂ ನಷ್ಟವಾದಂತೆ ಕಾಣದು. ಕಟ್ಟದೇ ಉಳಿದ ಹೊಸ ಕಟ್ಟಡ, ರಿಪೇರಿ ಕಾಣದ ಹಳೆ ಹಂಚಿನ ಮಾಡು ಕಣ್ಣಿಗೆ ಬೀಳುವುದು ಹತ್ತು-ಇಪ್ಪತ್ತು ವರ್ಷದ ಮೇಲೆ. ಅಷ್ಟರಲ್ಲಿ ಕಾರಣ ಏನೆಂಬುದು ಮರೆತುಹೋಗಿರುತ್ತದೆ.

ಕಾನೂನು ಬಂದ ದಾರಿ

ಎರಡನೇ ಮಹಾಯುದ್ಧದ ಕಾಲದಲ್ಲಿ ನಗರಗಳಿಗೆ ಜನ ನುಗ್ಗಿದರು, ಸಿಮೆಂಟು ಕಬ್ಬಿಣ ಸಿಗದೆ ಹೊಸ ಮನೆ ಏಳಲಿಲ್ಲ. ಬಾಡಿಗೆಗೆ ತಡೆ ಹಾಕುವ ಆದೇಶಗಳು ದೇಶದ ಹಲವೆಡೆ ಬಂದವು. ಯುದ್ಧ ಮುಗಿದರೂ ತಡೆ ಮುಗಿಯಲಿಲ್ಲ. ಕಾಸರಗೋಡು ಆಗ ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ, ಹಾಗಾಗಿ 1949ರ ಮದ್ರಾಸು ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲವನ್ನೂ ಅದು ಕಂಡಿತು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಮುಂದೆ 1965ರಲ್ಲಿ ಬಂದ ಕೇರಳದ ಕಟ್ಟಡ ಗೇಣಿ ಮತ್ತು ಬಾಡಿಗೆ ನಿಯಂತ್ರಣ ಕಾಯ್ದೆಯೇ ಇಂದಿಗೂ ನಡೆಯುತ್ತಿದೆ. ಸರಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಿಗೆ ಅದು ಅನ್ವಯ.

ಬಾಡಿಗೆ ನಿಯಂತ್ರಣ ಎಂದರೆ ಮೊತ್ತಕ್ಕೆ ಹಾಕುವ ಮಿತಿ ಎಂದಷ್ಟೇ ನಾವು ತಿಳಿಯುತ್ತೇವೆ. ಅದಕ್ಕೆ ಇನ್ನೊಂದು ಕಾಲೂ ಇದೆ, ಅದೇ ಒಕ್ಕಲೆಬ್ಬಿಸುವುದಕ್ಕೆ ಇರುವ ತಡೆ. ಕೇರಳದ ಕಾಯ್ದೆಯ 11ನೇ ಕಲಮು ಪ್ರಕಾರ ಕರಾರಿನ ಅವಧಿ ಮುಗಿಯಿತೆಂಬ ಒಂದೇ ಕಾರಣಕ್ಕೆ ಬಾಡಿಗೆದಾರನನ್ನು ಹೊರಹಾಕುವಂತಿಲ್ಲ. ಬಾಡಿಗೆ ಬಾಕಿ, ಮಾಲೀಕರಿಗೆ ಪ್ರಾಮಾಣಿಕವಾದ ಸ್ವಂತ ಅಗತ್ಯ, ಒಳಬಾಡಿಗೆ, ಕಟ್ಟಡಕ್ಕೆ ಹಾನಿ, ಕೆಡವಿ ಕಟ್ಟುವ ಅಗತ್ಯ ಇಂತಹ ಕಾರಣವನ್ನು ಬಾಡಿಗೆ ನಿಯಂತ್ರಣ ನ್ಯಾಯಾಲಯದ ಮುಂದೆ ಸಾಬೀತು ಮಾಡಬೇಕು. ಸ್ವಂತ ಅಗತ್ಯ ಸಾಬೀತಾದರೂ ಮುಗಿಯಲಿಲ್ಲ. ಆ ಕೋಣೆಯ ವ್ಯಾಪಾರದಿಂದಲೇ ತನ್ನ ಜೀವನ ಮುಖ್ಯವಾಗಿ ನಡೆಯುತ್ತದೆ, ಆಸುಪಾಸಿನಲ್ಲಿ ಬೇರೆ ತಕ್ಕ ಕೋಣೆ ಸಿಗುವುದಿಲ್ಲ ಎಂದು ಬಾಡಿಗೆದಾರ ತೋರಿಸಿಕೊಟ್ಟರೆ ಅವನಿಗೆ ರಕ್ಷಣೆ ಉಂಟು.

ಹಳೆ ದಕ್ಷಿಣ ಕನ್ನಡದ ಹಿರಿಯರಿಗೆ ಇದನ್ನು ವಿವರಿಸುವುದು ಸುಲಭ. ಒಡೆಯ ಬೇಕೆಂದಾಗ ಬಿಡಿಸಬಹುದಾದದ್ದು ಚಾಲಗೇಣಿ; ಗೇಣಿ ಬದಲಾಗದೆ ತಲೆಮಾರಿನಿಂದ ತಲೆಮಾರಿಗೆ ಸಾಗುವಂಥದ್ದು ಮೂಲಗೇಣಿ. ಗದ್ದೆ-ತೋಟದ ಆ ಕಾಲ ಭೂಸುಧಾರಣೆಯೊಂದಿಗೆ ಮುಗಿಯಿತು. ಪೇಟೆಯ ಕೋಣೆಗಳಲ್ಲಿ ಮಾತ್ರ ಚಾಲಗೇಣಿಯ ಹಾಗೆ ಬರೆದ ಕರಾರು ಕಾನೂನಿನ ಬಲದಿಂದ ಮೂಲಗೇಣಿಯ ಹಾಗೆ ನಡೆಯುತ್ತಾ ಬಂತು.

ಮೊತ್ತದ ಮಿತಿ ಇಷ್ಟು ಗಟ್ಟಿಯಾಗಿ ಉಳಿಯಲಿಲ್ಲ. ನ್ಯಾಯಬಾಡಿಗೆ ಗೊತ್ತುಪಡಿಸುವುದಕ್ಕೆ ಸಂಬಂಧಿಸಿದ ಕಲಮುಗಳನ್ನು ಕೇರಳ ಹೈಕೋರ್ಟು 1995ರಲ್ಲಿ ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ತಳ್ಳಿಹಾಕಿತು. ಹೀಗಾಗಿ ಇಂದು ಹೊಸ ಕೋಣೆಗೆ ಇಬ್ಬರೂ ಒಪ್ಪಿದ್ದೇ ಬಾಡಿಗೆ. ಒಳಗೆ ಬಂದವನನ್ನು ಹೊರಗೆ ಕಳಿಸುವುದು ಮಾತ್ರ ಕಷ್ಟ.

ಒಂದು ಕೋಣೆ, ಎರಡು ಲೆಕ್ಕ

ನಮ್ಮ ಪೇಟೆಯಲ್ಲಿ ರಸ್ತೆ ಅಗಲೀಕರಣಕ್ಕೆ ಸಿಗದೆ ಒಳಗಲ್ಲಿಯಲ್ಲಿ ಉಳಿದ ಹಂಚಿನ ಕಟ್ಟಡವೊಂದಿದೆ. ಮೂರು ಕೋಣೆ. ನಡುವಿನದರಲ್ಲಿ ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಒಬ್ಬರೇ ಹೊಲಿಗೆಯವರು. ಕಳೆದ ಆಟಿಯಲ್ಲಿ ಅಳತೆ ಕೊಡಲು ಹೋದಾಗ ಮೂಲೆಯಲ್ಲಿ ಬಾಲ್ದಿ ಇಟ್ಟಿದ್ದರು. ಮೇಲೆ ನೋಡಿದರೆ ಮಾಡನ್ನು ಹೊತ್ತ ಮರದ ಪಕ್ಕಾಸುಗಳಲ್ಲಿ ನಾಲ್ಕು ಒರಲೆ ತಿಂದು ಟೊಳ್ಳಾಗಿವೆ, ರೀಪು ಬಾಗಿ ಹಂಚು ಸರಿದಿದೆ, ಅದರ ಕೆಳಗೆ ನೀಲಿ ಟರ್ಪಾಲು ಹೊಟ್ಟೆ ಬಿಟ್ಟುಕೊಂಡು ನೀರು ಹೊತ್ತಿದೆ.

"ಮಳೆ ಜೋರಾದರೆ ಮೆಶಿನು ಈಚೆಗೆ ಎಳೆಯುವುದು, ಅಷ್ಟೇ ಮಾರಾಯ್ರೆ. ಈ ಬಾಡಿಗೆಗೆ ಬೇರೆಲ್ಲಿ ಸಿಗ್ತದೆ?" ಎಂದರು.

ಬಾಡಿಗೆ ತಿಂಗಳಿಗೆ 700 ರೂಪಾಯಿ. ಎದುರಿನ ಹೊಸ ಕಾಂಪ್ಲೆಕ್ಸಿನಲ್ಲಿ ಅಷ್ಟೇ ದೊಡ್ಡ ಕೋಣೆಗೆ 8,000, ಮೇಲೆ ಎರಡು ಲಕ್ಷ ಅಡ್ವಾನ್ಸು. ತಿಂಗಳಿಗೆ ಹದಿನೈದು ಸಾವಿರ ದುಡಿಯುವ ಅವರು ಅಲ್ಲಿಗೆ ಹೋದರೆ ಅರ್ಧಕ್ಕಿಂತ ಹೆಚ್ಚು ಬಾಡಿಗೆಗೇ ಹೋಯಿತು. ಕಾನೂನಿನ ರಕ್ಷಣೆ ಅವರ ಪಾಲಿಗೆ ಅನ್ನದ ಬಟ್ಟಲು, ಅದರಲ್ಲಿ ಎರಡು ಮಾತಿಲ್ಲ.

ಕಟ್ಟಡದ ಒಡತಿ ವಯಸ್ಸಾದ ಒಬ್ಬ ಅಮ್ಮ. ಗಂಡ ಬಿಟ್ಟುಹೋದ ಆಸ್ತಿ ಎಂದರೆ ಇದೇ. ಮಾಡು ಬಿಚ್ಚಿ ಹೊಸ ಪಕ್ಕಾಸು, ರೀಪು ಹಾಕಲು ಆಚಾರಿ ಕೊಟ್ಟ ಲೆಕ್ಕ ಅರುವತ್ತು ಸಾವಿರ. ಆ ಕೋಣೆಯ ವರ್ಷದ ಬಾಡಿಗೆ 8,400. ಕಟ್ಟಡ ತೆರಿಗೆ ಬದಿಗಿಟ್ಟರೂ ಏಳು ವರ್ಷದ ಬಾಡಿಗೆ ಪೂರ್ತಿ ಮಾಡಿಗೇ ಸುರಿಯಬೇಕು. ಬಾಡಿಗೆ ಏರಿಸಿ ಎಂದರೆ ಹೊಲಿಗೆಯವರು ವರ್ಷಕ್ಕೆ ಐವತ್ತು ರೂಪಾಯಿಗೆ ಮೇಲೆ ಒಪ್ಪುವುದಿಲ್ಲ, ಕೋರ್ಟು ಹತ್ತುವ ಶಕ್ತಿ ಅಮ್ಮನಿಗಿಲ್ಲ. ಆದ್ದರಿಂದ ಅವರು ಏನನ್ನೂ ಮಾಡುವುದಿಲ್ಲ. ಮಾಡು ಸೋರುತ್ತದೆ.

ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಎದುರಿನ ಕಾಂಪ್ಲೆಕ್ಸಿಗೆ ಹೋಲಿಸಿದರೆ ತಿಂಗಳ ಬಾಡಿಗೆಯಲ್ಲಿ ಕೊಡದೆ ಉಳಿದ 7,300 ರೂಪಾಯಿ ಗಾಳಿಯಲ್ಲಿ ಕರಗಿಹೋಗುವುದಿಲ್ಲ. ಒಂದಿಷ್ಟನ್ನು ಅಮ್ಮ ಹೊತ್ತರು, ಒಂದಿಷ್ಟನ್ನು ಕಟ್ಟಡ ಹೊತ್ತಿತು, ಇನ್ನೊಂದಿಷ್ಟನ್ನು ಬಾಲ್ದಿಯ ರೂಪದಲ್ಲಿ ಹೊಲಿಗೆಯವರೇ ಹೊತ್ತರು. ಅವರ ಮನೆ ಈಗ ಬದಿಯಡ್ಕದ ಕಡೆ. ಗಿರಾಕಿಗಳೂ ಹೆಚ್ಚು ಅಲ್ಲಿಯವರೇ. ಅಲ್ಲಿಗೇ ಹೋಗಬಹುದಿತ್ತು. ಆದರೆ ಬಿಟ್ಟರೆ ಮತ್ತೆ ಸಿಗದ ಕೋಣೆ ಎಂದು ದಿನಾ ಬಸ್ಸು ಹಿಡಿದು ಬರುತ್ತಾರೆ. ಅಗ್ಗದ ಬಾಡಿಗೆ ಮನುಷ್ಯನನ್ನು ಕಟ್ಟಿಹಾಕುವುದು ಹೀಗೆ.

ಮುಂಬಯಿಯ ಪಗಡಿ

ನಮ್ಮ ಊರುಗಳಿಂದ ಮುಂಬಯಿಗೆ ಹೋಗಿ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದವರ ಬಾಯಲ್ಲಿ "ಪಗಡಿ" ಎಂಬ ಮಾತು ಕೇಳಿರುತ್ತೀರಿ. ಅಲ್ಲಿನ 1947ರ ಬಾಡಿಗೆ ಕಾಯ್ದೆ ಹಳೆ ಕಟ್ಟಡಗಳ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತ್ತು. ಅರ್ಧ ಶತಮಾನ ಕಳೆದರೂ ಗಂಟು ಸಡಿಲಲಿಲ್ಲ. ನಿಜವಾದ ಬೆಲೆಗೂ ಕಾಗದದ ಬಾಡಿಗೆಗೂ ನಡುವೆ ಕಂದಕ ಬಿದ್ದಾಗ ಆ ಕಂದಕವೇ ಮಾರಾಟದ ಸರಕಾಯಿತು. ಒಳಗೆ ಬರುವವನು ಬಾಡಿಗೆಯ ಜೊತೆಗೆ ದೊಡ್ಡ ಇಡುಗಂಟು ತೆರಬೇಕು, ಅದೇ ಪಗಡಿ. ಮಿತಿ ಬಂದದ್ದು ಬಡವನ ಹೆಸರಿನಲ್ಲಿ, ಆದರೆ ಇಡುಗಂಟು ಇಲ್ಲದ ಬಡವನಿಗೆ ಬಾಗಿಲೇ ತೆರೆಯದಂತಾಯಿತು.

1997ರಲ್ಲಿ ಸುಪ್ರೀಂ ಕೋರ್ಟು ಈ ಹೆಪ್ಪುಗಟ್ಟಿದ ಬಾಡಿಗೆ ಕಾಲಕ್ಕೆ ತಕ್ಕುದಲ್ಲ, ಮಾಲೀಕರಿಗೆ ಅನ್ಯಾಯ ಎಂದು ಹೇಳಿತು. 2000ದಲ್ಲಿ ಜಾರಿಗೆ ಬಂದ ಮಹಾರಾಷ್ಟ್ರದ ಹೊಸ ಕಾಯ್ದೆ ಬಾಡಿಗೆಯನ್ನು ವರ್ಷಕ್ಕೆ ಶೇಕಡಾ 4ರಷ್ಟು ಏರಿಸಲು ಬಿಟ್ಟಿತು, ಪಗಡಿಯನ್ನೂ ಕಾನೂನುಬದ್ಧ ಮಾಡಿತು. ಆದರೆ ಹತ್ತು ರೂಪಾಯಿಯ ಬಾಡಿಗೆಗೆ ಶೇಕಡಾ 4 ಸೇರಿಸಿದರೆ ಎಷ್ಟಾದೀತು? ಮಳೆಗಾಲ ಬಂದಾಗಲೆಲ್ಲ ದಕ್ಷಿಣ ಮುಂಬಯಿಯ ಹಳೆ ಕಟ್ಟಡ ಕುಸಿದ ಸುದ್ದಿ ಓದುವಾಗ ಆ ಬಾಲ್ದಿ ನನ್ನ ಕಣ್ಣಮುಂದೆ ಬರುತ್ತದೆ.

ಹೊರಗೆ ನಿಂತವನ ಪಾಡು

ಬಾಡಿಗೆ ಮಿತಿಯ ಚರ್ಚೆಯಲ್ಲಿ ಯಾವಾಗಲೂ ಇಬ್ಬರೇ ಕಾಣುತ್ತಾರೆ, ಮಾಲೀಕ ಮತ್ತು ಬಾಡಿಗೆದಾರ. ಮೂರನೆಯವನೊಬ್ಬ ಇದ್ದಾನೆ: ಇನ್ನೂ ಕೋಣೆ ಸಿಗದವನು. ಅವನ ಲೆಕ್ಕ ಹಾಕಿದ ಅಧ್ಯಯನಗಳಲ್ಲಿ ಹೆಸರಾದದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ್ದು. ಆ ನಗರ 1994ರಲ್ಲಿ, 1980ಕ್ಕೆ ಮೊದಲು ಕಟ್ಟಿದ ಸಣ್ಣ ವಸತಿ ಕಟ್ಟಡಗಳಿಗೂ ಬಾಡಿಗೆ ನಿಯಂತ್ರಣ ವಿಸ್ತರಿಸಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ನೋಡಿದಾಗ ಒಳಗಿದ್ದವರಿಗೆ ಲಾಭವಾದದ್ದು ನಿಜವೇ ಆಗಿತ್ತು. ಅದೇ ಮನೆಯಲ್ಲಿ, ಅದೇ ಊರಲ್ಲಿ ನೆಲೆ ನಿಲ್ಲಲು ಅವರಿಗೆ ಸಾಧ್ಯವಾಯಿತು. ಆದರೆ ಮಿತಿಗೆ ಒಳಪಟ್ಟ ಮಾಲೀಕರು ಮನೆಗಳನ್ನು ಮಾರಿ, ರೂಪ ಬದಲಿಸಿ, ಬಾಡಿಗೆಗೆ ಕೊಡುವುದನ್ನು ಶೇಕಡಾ 15ರಷ್ಟು ಕಡಿಮೆ ಮಾಡಿದರು. ನಗರದ ಒಟ್ಟು ಬಾಡಿಗೆ ಮಟ್ಟ ಶೇಕಡಾ 5ರಷ್ಟು ಏರಿತು. ಒಳಗಿದ್ದವರಿಗೆ ಉಳಿದದ್ದನ್ನು ಹೊರಗಿದ್ದವರು ತೆತ್ತರು.

ಜರ್ಮನಿಯ ಬರ್ಲಿನ್ 2020ರಲ್ಲಿ, 2014ಕ್ಕೆ ಮೊದಲು ಕಟ್ಟಿದ ಮನೆಗಳ ಬಾಡಿಗೆಯನ್ನು ತಡೆಹಿಡಿಯಿತು. ಅಂಥ ಮನೆಗಳ ಬಾಡಿಗೆ ಜಾಹೀರಾತು ಅರ್ಧಕ್ಕೂ ಕೆಳಗೆ ಇಳಿಯಿತು. ಇಂಥ ಕಾನೂನು ಮಾಡುವ ಅಧಿಕಾರ ನಗರಕ್ಕಿಲ್ಲವೆಂದು ಮರುವರ್ಷ ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು.

ನಮ್ಮ ದೇಶದಲ್ಲಿ ನಗರವಾಸಿ ಕುಟುಂಬಗಳಲ್ಲಿ ಬಾಡಿಗೆಗಿರುವವರ ಪಾಲು 1961ರಲ್ಲಿ ಶೇಕಡಾ 54 ಇದ್ದದ್ದು 2011ಕ್ಕೆ 28ಕ್ಕೆ ಇಳಿದಿತ್ತು. ಅದೇ 2011ರ ಜನಗಣತಿಯಲ್ಲಿ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಕಂಡವು. ಎಲ್ಲಕ್ಕೂ ಬಾಡಿಗೆ ಕಾನೂನೇ ಕಾರಣ ಎನ್ನಲಾಗದು. ಸ್ವಂತ ಮನೆಯ ಆಸೆ, ಸಾಲದ ಸೌಲಭ್ಯ, ಹೂಡಿಕೆಗೆಂದೇ ಕಟ್ಟಿದ ಮನೆ ಎಲ್ಲವೂ ಸೇರಿವೆ. ಆದರೆ ಚೆರ್ಕಳದಿಂದ ಕಾಞಂಗಾಡಿನ ತನಕ ಗಲ್ಫಿನ ಹಣದಲ್ಲಿ ಎದ್ದು ಬೀಗ ಹಾಕಿ ನಿಂತ ಮನೆಗಳ ಮುಂದೆ ಹಾದುಹೋಗುವಾಗ ಕಾರಣ ಕೇಳಿ ನೋಡಿ. "ಕೊಟ್ಟರೆ ಮತ್ತೆ ಬಿಡದಿದ್ದರೆ?" ಎಂಬ ಮಾತು ಬಂದೇ ಬರುತ್ತದೆ. ಅದೇ ಹೊತ್ತಿಗೆ ಕೆಲಸಕ್ಕೆಂದು ಬಂದ ಕುಟುಂಬ ಎರಡು ಕೋಣೆಯ ಕ್ವಾರ್ಟರ್ಸಿಗಾಗಿ ಊರೆಲ್ಲ ಅಲೆಯುತ್ತಿರುತ್ತದೆ.

ಸ್ಟೆಂಟಿನ ಲೆಕ್ಕ ಯಾಕೆ ಬೇರೆ?

ಇಷ್ಟು ಓದಿದ ಮೇಲೆ ಬೆಲೆಮಿತಿ ಎಂದರೆ ಯಾವಾಗಲೂ ತಪ್ಪು ಎಂದು ತೋರಬಹುದು. ಹಾಗಲ್ಲ. ಎದೆನೋವೆಂದು ಕಾಸರಗೋಡಿನಿಂದ ಮಂಗಳೂರಿನ ಆಸ್ಪತ್ರೆಗೆ ಧಾವಿಸಿದ ಮನೆಯವರನ್ನು ನೆನೆಯಿರಿ. ಹೃದಯದ ನಾಳಕ್ಕೆ ಹಾಕುವ ಸ್ಟೆಂಟಿನ ರೇಟನ್ನು ಆ ಹೊತ್ತಿನಲ್ಲಿ ನಾಲ್ಕು ಕಡೆ ವಿಚಾರಿಸಿ ಬರುವವರು ಯಾರು? ಕೊಳ್ಳುವವನಿಗೆ ಚೌಕಾಸಿಯ ಶಕ್ತಿಯೇ ಇಲ್ಲದಿದ್ದಾಗ ಬೆಲೆ ಸರಕಿನ ಅಭಾವದಿಂದ ಏರಿರುವುದಿಲ್ಲ, ಅವನ ಅಸಹಾಯಕತೆಯಿಂದ ಏರಿರುತ್ತದೆ. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಔಷಧ ಲೇಪಿತ ಸ್ಟೆಂಟಿಗೆ 29,600, ಬರೀ ಲೋಹದ್ದಕ್ಕೆ 7,260 ರೂಪಾಯಿ ಮೇಲ್ಮಿತಿ ಹಾಕಿತು. ಲೇಪಿತ ಸ್ಟೆಂಟಿನ ಬೆಲೆ ಅದಕ್ಕೆ ಮೊದಲು ಸರಾಸರಿ ಒಂದು ಲಕ್ಷ ದಾಟಿತ್ತು. ಕಂಪೆನಿಯಿಂದ ಆಸ್ಪತ್ರೆಯ ತನಕ ಕೈಯಿಂದ ಕೈಗೆ ಸೇರುತ್ತಿದ್ದ ಲಾಭವೇ ಆ ಉಬ್ಬರಕ್ಕೆ ಮುಖ್ಯ ಕಾರಣ. ಅಲ್ಲಿ ಮಿತಿ ಕತ್ತರಿಸಿದ್ದು ಕೊಬ್ಬನ್ನು.

ಅಲ್ಲಿಯೂ ಪರಿಣಾಮ ಇಲ್ಲದಿರಲಿಲ್ಲ. ಕೆಲವು ಕಂಪೆನಿಗಳು ತಮ್ಮ ಹೊಸ ಮಾದರಿಗಳನ್ನು ಭಾರತದ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲು ಅರ್ಜಿ ಹಾಕಿದವು. ಸ್ಟೆಂಟಿನ ಬೆಲೆ ಇಳಿದಷ್ಟು ಆಸ್ಪತ್ರೆಯ ಬಿಲ್ಲು ಇಳಿಯಲಿಲ್ಲ ಎಂಬ ದೂರೂ ಕೇಳಿಬಂತು. ಆದರೂ ನನ್ನ ಮಟ್ಟಿಗೆ ಅದು ಸರಿಯಾದ ಮಿತಿ. ಕೊಬ್ಬು ಎಲ್ಲಿದೆ ಎಂದು ಲೆಕ್ಕ ಹಾಕಿ, ತಯಾರಿಕೆಯ ಖರ್ಚಿಗಿಂತ ಮೇಲೆ ಗೆರೆ ಎಳೆದದ್ದು.

ಸಪ್ಲೈಕೋದ ಖಾಲಿ ಕಪಾಟು

ಇನ್ನೊಂದು ದಾರಿಯೂ ಇದೆ. ಮಾರುವವನ ಕೈ ಕಟ್ಟದೆ ವ್ಯತ್ಯಾಸದ ಹಣವನ್ನು ಸರಕಾರವೇ ತುಂಬಿಕೊಡುವುದು. ಕೇರಳ ಸರಕಾರದ ಅಗ್ಗದ ದರದ ಮಾವೇಲಿ ಸ್ಟೋರುಗಳಲ್ಲಿ, ಸಪ್ಲೈಕೋ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಸಕ್ಕರೆ, ತೆಂಗಿನೆಣ್ಣೆ ಸೇರಿ 13 ಸಾಮಗ್ರಿಗಳ ಬೆಲೆಯನ್ನು 2016ರಿಂದ ಏರಿಸದೆ ಇಟ್ಟಿದ್ದರು. ತೊಗರಿಬೇಳೆ ಕಿಲೋಗೆ 65, ಸಕ್ಕರೆ 22. ಹೊರಗಿನ ಬೆಲೆ ಏರುತ್ತಾ ಹೋದಂತೆ ಪ್ರತಿ ಕಿಲೋದಲ್ಲೂ ಸರಕಾರದ ಹೊರೆ ಬೆಳೆಯಿತು. ಪೂರೈಕೆದಾರರ ಬಾಕಿ ಬೆಟ್ಟವಾಗಿ 2023ರಲ್ಲಿ ಕಪಾಟುಗಳೇ ಖಾಲಿಯಾದವು. ಅರುವತ್ತೈದು ರೂಪಾಯಿ ಎಂದು ಬೋರ್ಡಿನಲ್ಲಿತ್ತು, ಬೇಳೆ ಮಾತ್ರ ಇರಲಿಲ್ಲ. 2024ರ ಫೆಬ್ರವರಿಯಲ್ಲಿ ಬೆಲೆಯನ್ನು ಮಾರುಕಟ್ಟೆಗಿಂತ ಶೇಕಡಾ 35ರಷ್ಟು ಕಡಿಮೆ ಎಂಬ ಲೆಕ್ಕಕ್ಕೆ ಬದಲಿಸಿ, ತೊಗರಿ 111, ಸಕ್ಕರೆ 27 ಆಯಿತು. ಇಲ್ಲಿ ಹೊರೆ ಹೊರುವುದು ತೆರಿಗೆ ಕೊಡುವವರು. ಎಷ್ಟು ಹೊರೆ ಎಂಬುದು ಬಜೆಟಿನಲ್ಲಿ ಕಾಣುತ್ತದೆ ಎಂಬುದೇ ಇದರ ಗುಣ. ಸೋರುವ ಮಾಡಿನ ಖರ್ಚು ಯಾವ ಬಜೆಟಿನಲ್ಲೂ ಕಾಣದು.

ಹೊಸ ಕಾನೂನುಗಳ ಒಲವು

ಬಾಡಿಗೆಯ ವಿಷಯದಲ್ಲಿ ಈಗಿನ ಕಾನೂನುಗಳು ನಡುದಾರಿ ಹುಡುಕುತ್ತಿವೆ. ಬಾಡಿಗೆಯನ್ನು ಹೆಪ್ಪುಗಟ್ಟಿಸದೆ ವರ್ಷದ ಏರಿಕೆಗೆ ಮಾತ್ರ ಗೆರೆ ಹಾಕುವುದು, ಹೊಸ ಕಟ್ಟಡಗಳನ್ನು ಮಿತಿಯಿಂದ ಹೊರಗಿಡುವುದು, ಬಾಡಿಗೆದಾರ ತಾನಾಗಿ ಬಿಟ್ಟಾಗ ಹೊಸಬನಿಗೆ ಹೊಸ ಬಾಡಿಗೆ ಕಟ್ಟಲು ಬಿಡುವುದು ಇಂಥವು. ಕೇಂದ್ರ ಸಂಪುಟ 2021ರ ಜೂನಿನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಮೊತ್ತವನ್ನು ಪೂರ್ತಿಯಾಗಿ ಇಬ್ಬರ ಒಪ್ಪಂದಕ್ಕೆ ಬಿಟ್ಟಿದೆ. ಬರಹದ ಕರಾರು ಕಡ್ಡಾಯ. ಅಡ್ವಾನ್ಸು ಮನೆಗಾದರೆ ಎರಡು ತಿಂಗಳ ಬಾಡಿಗೆ, ಅಂಗಡಿಗಾದರೆ ಆರು ತಿಂಗಳದ್ದು ಮೀರಬಾರದು. ಅವಧಿ ಮುಗಿದರೂ ಬಿಡದವನು ಮೊದಲ ಎರಡು ತಿಂಗಳು ಇಮ್ಮಡಿ, ಆಮೇಲೆ ನಾಲ್ಕು ಪಟ್ಟು ತೆರಬೇಕು. ಇದು ರಾಜ್ಯಗಳು ಒಪ್ಪಿ ತರಬೇಕಾದ ಕಾನೂನು. ತಮಿಳುನಾಡು ಅದಕ್ಕೂ ಮೊದಲೇ, 2019ರಲ್ಲಿ, ತನ್ನದೇ ಹೊಸ ಕಾಯ್ದೆ ಜಾರಿ ಮಾಡಿ ಹಳೆ ಮದ್ರಾಸು ಕಾಯ್ದೆಯ ಪರಂಪರೆಗೆ ಮಂಗಳ ಹಾಡಿತು.

ಕೇರಳದಲ್ಲಿ ಅಷ್ಟು ದೂರ ಹೋಗಬೇಕೇ ಎಂಬುದು ಬೇರೆ ಪ್ರಶ್ನೆ. ನಾಲ್ಕು ಪಟ್ಟು ದಂಡದ ಮುಂದೆ ನಮ್ಮ ಹೊಲಿಗೆಯವರು ಒಂದು ದಿನವೂ ನಿಲ್ಲಲಾರರು. ಬಾಡಿಗೆ ಮೆಲ್ಲಮೆಲ್ಲನೆ ಏರಿ ಮಾಡಿನ ರಿಪೇರಿಗೆ ಸಾಕಾಗುವಷ್ಟು ಆದರೆ, ಜೊತೆಗೆ ಅವರನ್ನು ಏಕಾಏಕಿ ಎಬ್ಬಿಸದಂತೆ ಕಾವಲಿದ್ದರೆ ಇಬ್ಬರಿಗೂ ಬದುಕಲು ಜಾಗ ಸಿಗುತ್ತಿತ್ತು ಎಂದು ನನಗನ್ನಿಸುತ್ತದೆ.

ಆ ಕಟ್ಟಡದ ಉಳಿದ ಎರಡು ಕೋಣೆಗಳ ವಿಷಯ ಹೇಳಲಿಲ್ಲ. ಅವು ಖಾಲಿ, ಎಷ್ಟೋ ವರ್ಷಗಳಿಂದ ಬೀಗ ಬಿದ್ದಿದೆ. ಹೆದ್ದಾರಿ ಕೆಲಸದಲ್ಲಿ ಅಂಗಡಿ ಕಳೆದುಕೊಂಡ ಮೊಬೈಲ್ ರಿಪೇರಿಯ ಹುಡುಗನೊಬ್ಬ ಒಂದನ್ನು ಕೇಳಲು ಅಮ್ಮನ ಮನೆಗೆ ಹೋಗಿದ್ದ. ಹನ್ನೊಂದು ತಿಂಗಳ ಕರಾರು ಮಾಡಿಕೊಡುತ್ತೇನೆ, ಹೇಳಿದ ದಿನ ಬಿಡುತ್ತೇನೆ ಎಂದನಂತೆ. ಹನ್ನೊಂದು ತಿಂಗಳು ಎಂದು ಬರೆಯುವುದು ರಿಜಿಸ್ಟ್ರಿಯ ಖರ್ಚು ತಪ್ಪಿಸಲು. ಒಂದು ವರ್ಷ ಮೀರಿದ ಗೇಣಿಗೆ ನೋಂದಣಿ ಕಡ್ಡಾಯ. ಹನ್ನೆರಡನೇ ತಿಂಗಳು ಬಿಡಿಸಲು ಆ ಕಾಗದ ಸಾಲದು, 11ನೇ ಕಲಮಿನ ಕಾರಣ ಬೇಕು. ಅಮ್ಮನಿಗೆ ಕಲಮಿನ ನಂಬರು ಗೊತ್ತಿಲ್ಲ, ನಡುಕೋಣೆ ಗೊತ್ತು. "ಆಲೋಚನೆ ಮಾಡಿ ಹೇಳ್ತೇನೆ ಮಗಾ" ಎಂದು ಚಾ ಕೊಟ್ಟು ಕಳಿಸಿದರಂತೆ.